ಕಟ್ಟಬೇಡಿ, ಜೋಡಿಸಿ

ಅಂಗಳದಲ್ಲಿ ಗಿಡದ ಕಟ್ಟೆ ಬೇಕೆಂದರೆ ಬ್ಲಾಕ್ ತನ್ನಿ, ಸಿಮೆಂಟ್ ತರಬೇಡಿ. ನೌಕರಿಯ ಉದ್ದಕ್ಕೂ ಮೋರಿ, ಕಾಲುಸಂಕ, ಶಾಲೆಯ ಕೋಣೆ ಎಂದು ಸಿಮೆಂಟ್ ಚೀಲಗಳ ಲೆಕ್ಕ ಬರೆದೇ ನಿವೃತ್ತನಾದ ಜೂನಿಯರ್ ಇಂಜಿನಿಯರ್ ಈ ಮಾತು ಹೇಳಿದರೆ ಹೊನ್ನಾವರದ ನನ್ನ ನೆರೆಕೆರೆಯವರು ನಗುತ್ತಾರೆ. ನಗಲಿ. ಸಿಮೆಂಟ್ ಎಲ್ಲಿ ಬೇಕು ಎಂದು ತಿಳಿದವನಿಗೆ ಎಲ್ಲಿ ಬೇಡ ಎಂದೂ ತಿಳಿದಿರಬೇಕು.

ಭಟ್ಕಳದಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ರಸ್ತೆ ಬದಿಯ ಮನೆಗಳನ್ನು ನೋಡಿ. ಈಗಿನ ಹೆದ್ದಾರಿ 66 ಇನ್ನೂ 17 ಎಂಬ ಸಂಖ್ಯೆಯಲ್ಲಿದ್ದ ಕಾಲಕ್ಕೆ ಈ ಮನೆಗಳ ಎದುರು ಚಿರೇಕಲ್ಲಿನ ಪಾಗಾರವಿತ್ತು. ಪಾಗಾರದೊಳಗೆ ದಾಸವಾಳ, ಅಬ್ಬಲಿಗೆ, ಬಸಳೆ ಚಪ್ಪರ, ನಡುವೆ ತುಳಸಿ ಕಟ್ಟೆ. ನಾಲ್ಕು ಪಥದ ಕೆಲಸ ಬಂತು. ಎಷ್ಟೋ ಮನೆಗಳ ಪಾಗಾರ ಹೋಯಿತು, ಅಂಗಳ ಅರ್ಧವಾಯಿತು. ಅದು ಸರ್ಕಾರ ತೆಗೆದುಕೊಂಡದ್ದು. ಉಳಿದ ಅರ್ಧ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ಮಣ್ಣು ಮುಚ್ಚಿದವರು ನಾವೇ. ಕಾರು ನಿಲ್ಲಿಸಲು ಅನುಕೂಲ, ಮಳೆಗಾಲದಲ್ಲಿ ರಾಡಿಯಿಲ್ಲ, ಕಳೆ ಕೀಳುವ ಕೆಲಸವಿಲ್ಲ. ಒಪ್ಪುತ್ತೇನೆ. ಆದರೆ ಆಮೇಲೆ ಮನೆಯ ಹೆಂಗಸರಿಗೆ ಒಂದು ಹೂವಿನ ಗಿಡ ಬೇಕೆನಿಸಿತು. ಲಾರಿಯಲ್ಲಿ ಬರುವ ಕುಂಡದ ವ್ಯಾಪಾರಿಯ ಹತ್ತಿರ ಪ್ಲಾಸ್ಟಿಕ್ ಕುಂಡ ಕೊಂಡೆವು. ಎರಡು ಬೇಸಿಗೆಯ ಬಿಸಿಲಿಗೆ ಅದರ ಅಂಚು ಬಿರಿಯಿತು. ಸಿಮೆಂಟಿನ ಕುಂಡ ತಂದೆವು; ಒಳಗಿನ ತಂತಿ ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿ ಕುಂಡವನ್ನೇ ಒಡೆಯಿತು. ಇನ್ನು ಕೆಲವರು ಮೇಸ್ತ್ರಿಯನ್ನು ಕರೆಸಿ, ಗಿಲಾಯಿ ಮಾಡಿಸಿ, ಬಣ್ಣ ಬಳಿಸಿ, ಶಾಶ್ವತವಾದ ಕಟ್ಟೆ ಕಟ್ಟಿಸಿದರು. ಅದರೊಳಗೆ ಆಷಾಢದ ನೀರು ನಿಂತು ಗಿಡದ ಬೇರು ಕೊಳೆಯಿತು. ಕಟ್ಟೆ ಶಾಶ್ವತವಾಗಿ ಉಳಿಯಿತು, ಗಿಡ ಉಳಿಯಲಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ, ನಮ್ಮ ಈ ಮೂರು ತಾಲ್ಲೂಕುಗಳ ಮಳೆ ಎಷ್ಟೆಂದು ಮರೆತವರು ಮಾತ್ರ ಇಂಥ ಕಟ್ಟೆ ಕಟ್ಟಿಸಬಲ್ಲರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದ ಕಡೆ ಒಂದೇ ದಿನದಲ್ಲಿ 500 ಮಿಲಿಮೀಟರ್ ದಾಟಿ ಸುರಿಯಿತು. ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ತೀರಿಕೊಂಡರು. ಅಂಥ ಮಳೆ ಒಂದು ಗುಂಟೆ ಅಂಗಳದ ಮೇಲೆ ಬಿದ್ದರೆ ಬರುವ ನೀರು 50 ಸಾವಿರ ಲೀಟರ್. ಮಣ್ಣಿನ ಅಂಗಳವಾದರೆ ಅದರಲ್ಲೊಂದು ಪಾಲನ್ನು ಕುಡಿಯುತ್ತದೆ. ಇಂಟರ್‌ಲಾಕ್ ಅಂಗಳ ಹೆಚ್ಚುಕಡಿಮೆ ಅಷ್ಟನ್ನೂ ಗಟಾರಕ್ಕೆ ತಳ್ಳುತ್ತದೆ, ಗಟಾರ ತಗ್ಗಿನ ಮನೆಗೆ ತಳ್ಳುತ್ತದೆ. ಹಾಗಾಗಿ ಅಂಗಳದ ಒಂದಿಷ್ಟು ಭಾಗವನ್ನಾದರೂ ಮತ್ತೆ ಮಣ್ಣಿಗೆ ಬಿಟ್ಟುಕೊಡುವುದು ಹೂವಿನ ಆಸೆಯವರ ಸಂಗತಿ ಮಾತ್ರವಲ್ಲ, ನೆರೆಮನೆಯವರ ಸಂಗತಿಯೂ ಹೌದು.

ಅದನ್ನು ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ಪ್ರತಿ ಹೊಸ ಮನೆಯ ಹಿತ್ತಲಲ್ಲೂ ಬಿದ್ದಿದೆ. ಮನೆ ಮುಗಿದ ಮೇಲೆ ಉಳಿದ ಬ್ಲಾಕ್‌ಗಳು, ಮೂಲೆ ಮುರಿದವು, ಪಾಗಾರ ಕೆಡವಿದಾಗ ಸಿಕ್ಕವು. ಹೊಸದನ್ನೇ ಕೊಂಡರೂ ದೊಡ್ಡ ಖರ್ಚಲ್ಲ. 400 ಮಿಲಿಮೀಟರ್ ಉದ್ದ, 200 ಎತ್ತರ, 150 ದಪ್ಪದ ಬ್ಲಾಕಿಗೆ ನಮ್ಮೂರ ಮೇಸ್ತ್ರಿಗಳು ಆರಿಂಚಿನ ಬ್ಲಾಕ್ ಎನ್ನುತ್ತಾರೆ. ಸಾಲಿಡ್ ಆದರೆ ಒಂದರ ತೂಕ ಸುಮಾರು 24 ಕಿಲೋ. ನಾನು ಕೊಟ್ಟದ್ದು ಒಂದಕ್ಕೆ 40 ರೂಪಾಯಿ ಆಸುಪಾಸು. ಇಪ್ಪತ್ತು ಬ್ಲಾಕ್ ಇದ್ದರೆ ಒಂದು ಒಳ್ಳೆಯ ಮಡಿ ಆಗುತ್ತದೆ. ಖರ್ಚು 800 ರೂಪಾಯಿ. ಇದನ್ನೇ ಗಾರೆ ಹಾಕಿ ಕಟ್ಟಿಸಿದರೆ ಮೇಸ್ತ್ರಿ ಮತ್ತು ಅವರ ಸಹಾಯಕನ ಒಂದು ದಿನದ ಮಜೂರಿಯೇ ಬ್ಲಾಕಿನ ಬೆಲೆಯನ್ನು ಮೀರುತ್ತದೆ.

ಜೋಡಿಸುವ ಕ್ರಮ ಹೇಳುತ್ತೇನೆ. ಅಂಗಳದಲ್ಲಿ ಇಂಟರ್‌ಲಾಕ್ ಇದ್ದರೆ ಅಷ್ಟು ಜಾಗದ್ದನ್ನು ಕಿತ್ತು ತೆಗೆಯಿರಿ. ಕೆಳಗೆ ಮರಳಿನ ಹಾಸು ಮಾತ್ರ ಇರುವುದರಿಂದ ಒಂದನ್ನು ಎಬ್ಬಿಸಿದರೆ ಉಳಿದವು ತಾನಾಗಿ ಬರುತ್ತವೆ. ಉದ್ದಕ್ಕೆ ಮೂರು ಬ್ಲಾಕ್, ಅಗಲಕ್ಕೆ ಎರಡು, ಎದುರುಬದುರು ಅಷ್ಟೇ. ಒಂದು ಸಾಲಿಗೆ ಹತ್ತು. ನಾಲ್ಕೂ ಮೂಲೆಯಲ್ಲಿ ಒಂದು ಗೋಡೆಯ ತುದಿ ಮುಂದಿನ ಗೋಡೆಯ ಬದಿಗೆ ತಾಗಬೇಕು, ಗಿರಗಿಟ್ಲೆಯ ರೆಕ್ಕೆಗಳ ಹಾಗೆ ಒಂದೇ ದಿಕ್ಕಿಗೆ ಸುತ್ತಬೇಕು. ಎರಡನೆಯ ಸಾಲನ್ನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತಿಸಿ. ಆಗ ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರುವುದಿಲ್ಲ, ಮೂಲೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಳಗಡೆ ಮಣ್ಣಿಗೆ ಸಿಗುವ ಜಾಗ ಮೂರೂವರೆ ಅಡಿ ಉದ್ದ, ಎರಡಡಿಗೆ ಸ್ವಲ್ಪ ಹೆಚ್ಚು ಅಗಲ. ಸುಮಾರು 270 ಲೀಟರ್ ಮಣ್ಣು ಹಿಡಿಯುತ್ತದೆ. ಅಂದರೆ ಆರೇಳು ದೊಡ್ಡ ಕುಂಡಗಳ ಮಣ್ಣು.

ಇಲ್ಲಿ ಎರಡು ನಿಯಮ ತಪ್ಪಬಾರದು. ಮೊದಲನೆಯದು, ಕೆಳಗಿನ ಸಾಲು ನಾಲ್ಕಿಂಚು ನೆಲದೊಳಗೆ ಕೂರಬೇಕು. ಮಳೆಗೆ ನೆನೆದ ಮಣ್ಣು ಗೋಡೆಯನ್ನು ಹೊರಗೆ ನೂಕುತ್ತದೆ. ಗಾರೆಯಿಲ್ಲದ ಗೋಡೆಯನ್ನು ಹಿಡಿದಿಡುವುದು ಅದರ ಸ್ವಂತ ತೂಕ ಮತ್ತು ನೆಲದ ಹಿಡಿತ. ನೆಲದಿಂದ ಮೇಲೆ ಒಂದಡಿ ಮಾತ್ರ ಉಳಿದರೆ ಆರಿಂಚಿನ ಬ್ಲಾಕಿಗೆ ಆ ನೂಕುವಿಕೆ ಲೆಕ್ಕಕ್ಕಿಲ್ಲ. ಮೂರನೆಯ ಸಾಲು ಬೇಕೇ ಬೇಕೆಂದರೆ ಎಂಟಿಂಚಿನ ಬ್ಲಾಕ್ ಬಳಸಿ. ಅದಕ್ಕಿಂತ ಎತ್ತರದ ಆಸೆ ಇದ್ದರೆ ನನ್ನ ಮಾತು ಬಿಟ್ಟು ಮೇಸ್ತ್ರಿಯ ಮಾತು ಕೇಳಿ. ಎರಡನೆಯದು, ಕೆಳಸಾಲಿನ ಬ್ಲಾಕ್‌ಗಳ ನಡುವೆ ಕಿರುಬೆರಳು ಹೋಗುವಷ್ಟು ಸಂದು ಬಿಡಿ. ನೀರು ಹೊರಬರುವುದು ಅಲ್ಲಿಂದಲೇ. ಮಣ್ಣು ತೊಳೆದು ಹೋಗದ ಹಾಗೆ ಒಳಬದಿಗೆ ತೆಂಗಿನಕಾಯಿ ಸಿಪ್ಪೆ ಒತ್ತಿಡಿ. ಸಿಪ್ಪೆಗೆ ನಮ್ಮಲ್ಲಿ ಬರವೇ? ಬಚ್ಚಲ ಒಲೆಗೆ ಹೋಗುವುದರಲ್ಲಿ ಹತ್ತು ತೆಗೆದಿಟ್ಟರೆ ಸಾಕು.

ಪೊಳ್ಳು ಬ್ಲಾಕ್ ಬಳಸುವವರಿಗೆ ಬೇರೆ ಎಚ್ಚರಿಕೆ. ಅದು ಹಗುರ, ಎತ್ತಲು ಸುಲಭ. ಆದರೆ ಅದರ ಹೊಟ್ಟೆಯನ್ನು ಖಾಲಿ ಬಿಡಬಾರದು. ತಳ ಮುಚ್ಚಿಕೊಂಡು ಅಲ್ಲಿ ನಿಂತ ಒಂದು ಲೋಟ ನೀರು ಡೆಂಗಿ ಸೊಳ್ಳೆಗೆ ಧಾರಾಳ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರ, ಹತ್ತು ದಿನ ಸಾಕು. ಮೇಲುಸಾಲಿನ ಪೊಳ್ಳಿಗೆ ಮಣ್ಣು ತುಂಬಿ ಒಂದೆಲಗ, ಸಾಂಬಾರಸೊಪ್ಪು ನೆಟ್ಟರೆ ತಂಬುಳಿಗೂ ಆಯಿತು, ಸೊಳ್ಳೆಯ ಕಾಟವೂ ತಪ್ಪಿತು.

ಸಿಮೆಂಟಿನ ಸುಣ್ಣ ಗಿಡಕ್ಕೆ ಕೆಟ್ಟದಲ್ಲವೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲೇ ಹುಟ್ಟಿತು. ಹೆಂಡತಿಯ ತವರು ಭಟ್ಕಳ ತಾಲ್ಲೂಕಿನ ಶಿರಾಲಿ ಕಡೆ. ಮಲ್ಲಿಗೆಯ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ. "ನಿಮ್ಮ ಬ್ಲಾಕ್ ನಿಮ್ಮ ಗೋಡೆಗೆ ಇರ್ಲಿ, ನನ್ನ ಮಲ್ಲಿಗೆ ಬುಡಕ್ಕೆ ಎಂತಕ್ಕೆ?" ಎಂದಳು. ಪ್ರಶ್ನೆ ಸರಿಯಾದದ್ದೇ. ಹೊಸ ಕಾಂಕ್ರೀಟಿನಿಂದ ಸುಣ್ಣ ಇಳಿಯುತ್ತದೆ, ಮಣ್ಣಿನ ಹುಳಿ ಕಡಿಮೆಯಾಗುತ್ತದೆ. ಹುಳಿ ತೀರ ಇಳಿದರೆ ಗಿಡಕ್ಕೆ ಕಬ್ಬಿಣದಂಶ ಸಿಗದೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಆದರೆ ನಮ್ಮ ಕರಾವಳಿಯ ಕೆಂಪು ಮಣ್ಣು ಮೊದಲೇ ಹುಳಿ. ಮಳೆ ಸುಣ್ಣದಂಶವನ್ನು ತೊಳೆದು ತೊಳೆದು ಹಾಗೆ ಮಾಡಿದೆ. ಬಯಲುಸೀಮೆಯ ಕಪ್ಪು ಮಣ್ಣಿಗೆ ತೊಂದರೆಯಾಗಬಹುದಾದ ಸುಣ್ಣ ಇಲ್ಲಿ ಹೆಚ್ಚೆಂದರೆ ಔಷಧಿಯಷ್ಟೇ. ಹಾಗಿದ್ದೂ ಹೊಸ ಬ್ಲಾಕನ್ನು ಚೆನ್ನಾಗಿ ಕ್ಯೂರಿಂಗ್ ಆದದ್ದೇ ಎಂದು ಕೇಳಿ ತನ್ನಿ, ಒಂದಷ್ಟು ದಿನ ಮಳೆಗೋ ಪೈಪಿನ ನೀರಿಗೋ ಬಿಡಿ. ಹಳೆಯ ಬ್ಲಾಕಿಗೆ ಅದೂ ಬೇಡ.

ಅವಳ ಎರಡನೆಯ ಮಾತು ನನ್ನ ಲೆಕ್ಕಕ್ಕಿಂತ ದೊಡ್ಡದು: ಮಲ್ಲಿಗೆಗೆ ಬಿಸಿಲು ಬೇಕು, ನೀರು ಬೇಕು, ನಿಂತ ನೀರು ಮಾತ್ರ ಆಗದು. ಭಟ್ಕಳ ಮಲ್ಲಿಗೆ ತೋಟದ ಬೆಳೆಯಷ್ಟೇ ಅಲ್ಲ, ಅಂಗಳದ ಬೆಳೆಯೂ ಹೌದು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಕೊಡುವ ಮನೆಗಳಲ್ಲಿ ಅದು ಹೆಂಗಸರ ಕೈಯ ದುಡ್ಡು. ಭಟ್ಕಳದ ನವಾಯತರ ಮದುವೆಯಲ್ಲಿ ಮದುಮಗಳ ಜಡೆಗೆ, ನಮ್ಮ ಊರುಗಳ ತೇರಿಗೆ, ಶ್ರಾವಣದ ಪೂಜೆಗೆ ಇದೇ ಹೂವು ಬೇಕು. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಭಟ್ಕಳದ್ದಕ್ಕೆ ಜನರ ಬಾಯಿಮಾತೇ ಮಾನ್ಯತೆ. ಇಂಥ ಬೆಳೆಗೆ ಅಂಗಳವೇ ಇಲ್ಲವಾದರೆ ಹೂವು ಹೊರಗಿನಿಂದ ಬರುತ್ತದೆ, ದುಡ್ಡು ಹೊರಗೆ ಹೋಗುತ್ತದೆ. ನೆಲದಿಂದ ಒಂದಡಿ ಎತ್ತರಿಸಿದ, ತಳ ತೆರೆದ, ಸಂದುಗಳಿಂದ ನೀರು ಬಸಿಯುವ ಮಡಿ ಮಲ್ಲಿಗೆಗೆ ಹೇಳಿ ಮಾಡಿಸಿದ್ದು. ಬೇರು ಬೇಕಾದರೆ ನೆಲಕ್ಕೆ ಇಳಿಯುತ್ತದೆ, ನೀರು ಬೇಡವಾದಾಗ ಹೊರಗೆ ಹೋಗುತ್ತದೆ. ಒಂದೇ ಗಿಡಕ್ಕಾದರೆ ನಾಲ್ಕೂ ಬದಿಗೆ ಎರಡೆರಡು ಬ್ಲಾಕ್, ಎರಡು ಸಾಲು, ಹದಿನಾರೇ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಸಗಣಿ ಗೊಬ್ಬರ, ಒಂದು ಪಾಲು ಸುಡುಮಣ್ಣು. ಮಳೆ ಕಳೆದ ಮೇಲೆ ಸವರಿ, ಬುಡ ಬಿಡಿಸಿ, ಶೇಂಗಾ ಹಿಂಡಿ ನೆನೆಸಿದ ನೀರು ಹಾಕಿದರೆ ಬೇಸಿಗೆಗೆ ಮೊಗ್ಗು. ಇದು ನನ್ನ ಇಂಜಿನಿಯರಿಂಗ್ ಅಲ್ಲ, ಶಿರಾಲಿಯದು.

ಕುಮಟಾದಲ್ಲಿರುವ ತಂಗಿಗೆ ಹೂವಿಗಿಂತ ತರಕಾರಿಯ ಚಿಂತೆ. "ಅಣ್ಣಾ, ಇದ್ರಲ್ಲಿ ನಮ್ಮ ಈರುಳ್ಳಿ ಆಗ್ತದಾ?" ಎಂದು ಕೇಳಿದಳು. ಬೇಡ ಎಂದೆ. ಅಳವೇಕೋಡಿ, ಹಂದಿಗೋಣದ ಸಿಹಿ ಈರುಳ್ಳಿ ಆ ಗದ್ದೆಗಳ ಮರಳು ಮಣ್ಣಿಗೆ, ಅಲ್ಲಿನವರ ಕೈಗೆ ಒಲಿದದ್ದು. ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕಿದ್ದನ್ನು ಅವರಿಂದಲೇ ಕೊಳ್ಳುವುದು ಸರಿ. ಬ್ಲಾಕ್ ಮಡಿಗೆ ಹರಿವೆ, ಬಸಳೆ, ಮೆಣಸು, ಬದನೆ ಒಳ್ಳೆಯವು. ಅಘನಾಶಿನಿಯ ಹಿನ್ನೀರಿನ ಹತ್ತಿರದ ತಗ್ಗು ಜಾಗಗಳಲ್ಲಿ ಏಪ್ರಿಲ್ ಬಂತೆಂದರೆ ಬಾವಿ ನೀರು ಸವುಳಾಗುತ್ತದೆ. ಆಗ ದೊಡ್ಡ ಹಿತ್ತಲಿಗೆ ಸಿಹಿನೀರು ಹೊಂದಿಸಲಾಗದು. ಎರಡು ಮಡಿಗೆ ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರೇ ಹೆಚ್ಚುಕಡಿಮೆ ಸಾಕಾಗುತ್ತದೆ. ಮೇಲೆ ದರಕು ಹೊದೆಸಿದರೆ ಇನ್ನೂ ಉಳಿತಾಯ.

ಇನ್ನು ತಾರಸಿಯ ಮಾತು. ಅಂಗಳ ಕಳೆದುಕೊಂಡವರು ಇದನ್ನೇ ತಾರಸಿಯ ಮೇಲೆ ಮಾಡುತ್ತೇವೆ ಎನ್ನುತ್ತಾರೆ. ಖಡಾಖಂಡಿತವಾಗಿ ಬೇಡ. ಇಪ್ಪತ್ತು ಬ್ಲಾಕಿನ ತೂಕ 480 ಕಿಲೋ, ನೆನೆದ ಮಣ್ಣು ಮತ್ತೆ ಅಷ್ಟೇ. ಹತ್ತಿರ ಹತ್ತಿರ ಒಂದು ಟನ್ ಭಾರ ಒಂದೂಕಾಲು ಚದರ ಮೀಟರ್ ಜಾಗದ ಮೇಲೆ ಕೂರುತ್ತದೆ. ಚದರ ಮೀಟರಿಗೆ 750 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಹಿಡಿಯುವ ಹೊರಗಿನ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಐದು ಪಟ್ಟು. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿರುವ ಹಳೆಯ ಸ್ಲ್ಯಾಬಿನ ಮೇಲೆ ಇಂಥ ಆಟ ಆಡಬಾರದು. ತಾರಸಿಗೆ ಹಗುರವಾದ ಚೀಲ, ಅದರಲ್ಲಿ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು, ಅಷ್ಟೇ ಇರಲಿ.

ಅಂದದ ಆಕ್ಷೇಪ ನನಗೆ ಗೊತ್ತು. ಬೂದು ಬಣ್ಣದ ಬ್ಲಾಕ್ ನೋಡಲು ಮುಗಿಯದ ಮನೆಯ ಹಾಗೆ ಕಾಣುತ್ತದಂತೆ. ಸುಣ್ಣಕ್ಕೆ ಸ್ವಲ್ಪ ಕೆಮ್ಮಣ್ಣು ಬೆರೆಸಿ ಬಳಿಯಿರಿ, ಒಂದು ಮಳೆಗಾಲ ಕಳೆಯಲಿ, ಪಾಚಿ ತಾನೇ ಬಣ್ಣ ಕೊಡುತ್ತದೆ. ಚಿರೇಕಲ್ಲು ಇದಕ್ಕಿಂತ ಚಂದ, ನಿಜ. ಹಳೆಯ ಪಾಗಾರದ ಕಲ್ಲು ಮನೆಯಲ್ಲಿದ್ದರೆ ಬ್ಲಾಕ್ ಮರೆತು ಅದನ್ನೇ ಜೋಡಿಸಿ. ಆದರೆ ಗಿಡದ ಕಟ್ಟೆಗೆಂದು ಹೊಸ ಚಿರೇಕಲ್ಲು ಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಅಗೆದು ಬಿಟ್ಟ ಕ್ವಾರಿ ಹೊಂಡಗಳು ನಮ್ಮ ಗುಡ್ಡಗಳಲ್ಲಿ ಈಗಾಗಲೇ ಬೇಕಾದಷ್ಟಿವೆ. ಹೂವಿಗಾಗಿ ಇನ್ನೊಂದು ಹೊಂಡ ಬೇಡ. ಹಾವು ಸೇರಿಕೊಳ್ಳುತ್ತದೆ ಎನ್ನುವವರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಂದುಗಳನ್ನು ಬೆರಳಿಗಿಂತ ದೊಡ್ಡದು ಬಿಡಬೇಡಿ, ಮಡಿಯನ್ನು ಬಾಗಿಲಿಗೆ ತಾಗಿಸಿ ಇಡಬೇಡಿ, ಪಕ್ಕದಲ್ಲಿ ಉಳಿದ ಬ್ಲಾಕ್‌ಗಳ ರಾಶಿ ಹಾಕಬೇಡಿ. ಹಾವಿಗೆ ಬೇಕಾದದ್ದು ಆ ರಾಶಿ; ಮಣ್ಣು ತುಂಬಿದ ಮಡಿಯಲ್ಲಿ ಅದಕ್ಕೆ ಜಾಗವಿಲ್ಲ.

ಗಾರೆಯಿಲ್ಲದ ಕಟ್ಟೆಯ ದೊಡ್ಡ ಗುಣ ಅದನ್ನು ಬಿಚ್ಚಬಹುದು ಎಂಬುದು. ರಸ್ತೆ ಮತ್ತೆ ಅಗಲವಾಗಬಹುದು, ಬಾಡಿಗೆ ಮನೆ ಬದಲಾಗಬಹುದು, ಮಕ್ಕಳು ಕಾರು ತರಬಹುದು. ಗಾರೆ ಹಾಕಿದ್ದನ್ನು ಒಡೆದರೆ ಸಿಗುವುದು ಪುಡಿ ಮತ್ತು ಸಾಗಿಸುವ ಖರ್ಚು. ಜೋಡಿಸಿದ್ದನ್ನು ಬಿಚ್ಚಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಬ್ಲಾಕ್ ಕೈಗೆ ಬರುತ್ತವೆ. ರಸ್ತೆ ಬದಿಯ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿದ ಅಚ್ಚಿನ ತುಳಸಿ ಕಟ್ಟೆಗಳನ್ನು ನೋಡುವಾಗಲೂ ನನಗೆ ಇದೇ ನೆನಪಾಗುತ್ತದೆ. ನಮ್ಮ ಹಿರಿಯರು ನಾಲ್ಕು ಕಲ್ಲು, ಮಣ್ಣು, ಸಗಣಿಯಲ್ಲೇ ಕಟ್ಟೆ ಮಾಡಿ ವರ್ಷಕ್ಕೊಮ್ಮೆ ದೀಪಾವಳಿಯ ಮುಂದೆ ಸಾರಿಸಿ ಸರಿಮಾಡುತ್ತಿದ್ದರು. ಅದಕ್ಕೂ ಗಾರೆ ಬೇಕಿರಲಿಲ್ಲ.

ಈ ಮಾತು ಮನೆಯ ಗೇಟಿಗೆ ನಿಲ್ಲಬಾರದು. ನಮ್ಮ ಊರುಗಳಲ್ಲಿ ಮನೆ ಒಡೆದ ಬ್ಲಾಕ್, ಕಲ್ಲು, ಹೆಂಚು ಕೊನೆಗೆ ಎಲ್ಲಿಗೆ ಹೋಗುತ್ತವೆ? ರಾತ್ರಿ ಟೆಂಪೋದಲ್ಲಿ ಹೊಳೆ ದಂಡೆಗೆ, ಗಟಾರಕ್ಕೆ, ಕಾಂಡ್ಲಾ ಗಿಡಗಳ ಬುಡಕ್ಕೆ. ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಪ್ರವಾಸಿಗರಿಗೆ ನಡೆಯಲು ಮರದ ದಾರಿ ಮಾಡಿದ್ದೇವೆ. ಹೊಳೆಯ ಉಳಿದ ದಂಡೆಗೆ ಕಟ್ಟಡದ ಕಸ ಸುರಿದರೆ ಆ ದಾರಿಗೆ ಅರ್ಥವಿಲ್ಲ. ಕಟ್ಟಡ ತ್ಯಾಜ್ಯವನ್ನು ಬೇರೆಯಾಗಿ ಇಡಬೇಕು, ಚರಂಡಿಗೆ, ರಸ್ತೆಗೆ ಹಾಕಬಾರದು, ಸ್ಥಳೀಯ ಸಂಸ್ಥೆ ಅದನ್ನು ಸಂಗ್ರಹಿಸುವ ವ್ಯವಸ್ಥೆ ಮಾಡಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ತಂದಿತ್ತು. ಅದಕ್ಕೆ ದೊಡ್ಡ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಪಟ್ಟಣಗಳಲ್ಲಿ ಬೇಲಿ ಹಾಕಿದ ಒಂದೊಂದು ಜಾಗ ಸಾಕು. ಇಡಿಯಾದ ಬ್ಲಾಕ್, ಕಲ್ಲು, ಇಂಟರ್‌ಲಾಕ್ ಒಂದು ಕಡೆ, ಪುಡಿಯಾದದ್ದು ಇನ್ನೊಂದು ಕಡೆ. ಬೇಕಾದವರು ಗಾಡಿ ತಂದು ಒಯ್ಯಲಿ, ಮೊದಲ ಹಕ್ಕು ಶಾಲೆ, ಅಂಗನವಾಡಿಗಳಿಗೆ ಇರಲಿ. ಶಾಲೆಯ ಕೈತೋಟಕ್ಕೆ ಇದಕ್ಕಿಂತ ಅಗ್ಗದ ಸಾಮಾನು ಸಿಗದು. ಹೊಸ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಅಂಗಳದ ಇಂತಿಷ್ಟು ಪಾಲು ಮಣ್ಣಾಗಿಯೇ ಉಳಿಯಬೇಕು ಎಂಬ ಷರತ್ತನ್ನೂ ಸೇರಿಸಲಿ. ಅಧಿಕಾರಿಗಳಿಗೆ ಇದರಲ್ಲಿ ಟೆಂಡರ್ ಇಲ್ಲ, ಬಿಲ್ ಇಲ್ಲ. ಆದ್ದರಿಂದ ಉತ್ಸಾಹ ಕಡಿಮೆ ಇರಬಹುದು. ವಾರ್ಡಿನ ಸದಸ್ಯರನ್ನು ಕೇಳುವ ಕೆಲಸ ನಮ್ಮದು.

ಅಷ್ಟರವರೆಗೆ ನಿಮ್ಮ ಕೈಲಾಗುವುದು ಇದೆ. ಮಳೆಗಾಲ ಮುಗಿದು ನೆಲ ಆರುವ ಹೊತ್ತಿಗೆ ಅಂಗಳದ ಬಿಸಿಲು ಬೀಳುವ ಮೂಲೆಯಲ್ಲಿ ನಾಲ್ಕಡಿ ಜಾಗದ ಇಂಟರ್‌ಲಾಕ್ ಎಬ್ಬಿಸಿ. ಬೀದಿಯಲ್ಲಿ ಯಾರ ಮನೆ ಕೆಲಸ ಮುಗಿದಿದೆ ನೋಡಿ, ಉಳಿದ ಬ್ಲಾಕ್ ಕೇಳಿ ತನ್ನಿ. ಎತ್ತಲು ಇಬ್ಬರು ಬೇಕು, ಜೋಡಿಸಲು ಒಂದು ಬೆಳಗು ಬೇಕು. ಮೇಸ್ತ್ರಿ ಬೇಡ.